ಎಕಿ ಮನೆತನದ ಕೆಂಪು ಗುಟ್ಟು

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಅಮೆರಿಕದ ನರ್ಸರಿಗಳವರ ಹೊಟ್ಟೆಕಿಚ್ಚು ಹೆಚ್ಚುತ್ತಿತ್ತು. ಕ್ರಿಸ್‌ಮಸ್‌ಗೆ ಮನೆಮನೆಯಲ್ಲೂ ಇಡುವ ಕೆಂಪು ಪಾಯಿನ್ಸೆಟ್ಟಿಯಾ ಗಿಡವನ್ನು ಅವರೂ ಬೀಜ ಬಿತ್ತಿ, ನೀರೆರೆದು, ಮಗುವಿನಂತೆ ಸಾಕುತ್ತಿದ್ದರು. ಆದರೆ ಅದು ಕೋಲಿನ ಹಾಗೆ ನೆಟ್ಟಗೆ ಬೆಳೆದು, ನೆತ್ತಿಯಲ್ಲಿ ಒಂದೇ ಒಂದು ಕೆಂಪು ಗೊಂಚಲು ಹೊತ್ತು ನಿಲ್ಲುತ್ತಿತ್ತು. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಎಂಬ ಊರಿನ ಎಕಿ ಮನೆತನದವರ ಗಿಡ ಮಾತ್ರ ಗಿಡ್ಡಗೆ, ಗುಂಡಗೆ, ಮೈತುಂಬ ಕವಲೊಡೆದು ಕವಲಿಗೊಂದು ಗೊಂಚಲು ಬಿಡುತ್ತಿತ್ತು. ಮಾರುಕಟ್ಟೆಯ ಬಹುಪಾಲು ಆ ಮನೆತನದ ಕೈಯಲ್ಲಿತ್ತು. ಗುಟ್ಟು ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ನಿಜಕ್ಕೂ ಒಳಗಿನವರಿಗೂ ಅರ್ಧವೇ ಗೊತ್ತಿತ್ತು.

ಗಿಡದ ತವರು ಮೆಕ್ಸಿಕೊ. ಅಲ್ಲಿನ ಅಜ್ಟೆಕ್ ಜನ ಅದರಿಂದ ಬಣ್ಣ ತೆಗೆಯುತ್ತಿದ್ದರು, ಜ್ವರಕ್ಕೆ ಅದರ ಹಾಲನ್ನು ಬಳಸುತ್ತಿದ್ದರು. ಹದಿನೇಳನೇ ಶತಮಾನದಲ್ಲಿ ಟಾಸ್ಕೊ ಸುತ್ತಮುತ್ತಲಿನ ಫ್ರಾನ್ಸಿಸ್ಕನ್ ಸನ್ಯಾಸಿಗಳ ಕಣ್ಣಿಗೆ ಅದು ಬಿತ್ತು. ಕ್ರಿಸ್ತಜಯಂತಿಯ ಹೊತ್ತಿಗೇ ಬೆಟ್ಟದ ಇಳಿಜಾರುಗಳಲ್ಲಿ ಕೆಂಪಾಗುತ್ತಿದ್ದ ಆ ಗಿಡವನ್ನು ಅವರು ಗೋದಲಿಯ ಮೆರವಣಿಗೆಗೆ ಬಳಸತೊಡಗಿದರು. ದೇವರ ಕೆಲಸಕ್ಕೆ ಒದಗಿದ ಮೇಲೆ ಅದು ಹಬ್ಬದ ಗಿಡವೇ ಆಗಿಹೋಯಿತು. ಕಾಡಿನಲ್ಲಿ ಅದು ಆಳಿಗಿಂತ ಎತ್ತರಕ್ಕೆ ಬೆಳೆಯುವ ಸಡಿಲ ಪೊದೆ. ಕುಂಡಕ್ಕೆ ಒಗ್ಗುವ ಲಕ್ಷಣ ಅದರಲ್ಲಿ ಒಂದೂ ಇರಲಿಲ್ಲ.

ಅದನ್ನು ಉತ್ತರಕ್ಕೆ ಕಳುಹಿಸಿದವನು ಜೋಯೆಲ್ ರಾಬರ್ಟ್ಸ್ ಪಾಯಿನ್ಸೆಟ್. ಮೆಕ್ಸಿಕೊಗೆ ಅಮೆರಿಕ ಕಳುಹಿಸಿದ ಮೊದಲ ರಾಯಭಾರಿ. ಅಲ್ಲಿನ ರಾಜಕೀಯದಲ್ಲಿ ಕೈಹಾಕಿ ಎಷ್ಟು ಜನರ ವಿರೋಧ ಕಟ್ಟಿಕೊಂಡನೆಂದರೆ, ಕೊನೆಗೆ ಅವನನ್ನು ವಾಪಸು ಕರೆಸಬೇಕಾಯಿತು. ಆದರೆ ಅವನಿಗೆ ಗಿಡಗಳ ಹುಚ್ಚಿತ್ತು. 1829ರಲ್ಲಿ ಫಿಲಡೆಲ್ಫಿಯಾದ ಫಲಪುಷ್ಪ ಪ್ರದರ್ಶನದಲ್ಲಿ ಆ ಕೆಂಪು ಗಿಡ ಜನರ ಮುಂದೆ ಬಂತು. ರಾಯಭಾರದ ಕೆಲಸ ಕೆಟ್ಟರೂ ಅವನ ಹೆಸರು ಗಿಡಕ್ಕೆ ಅಂಟಿಕೊಂಡು ಉಳಿಯಿತು.

ಎಕಿ ಕುಟುಂಬ ಈ ಕತೆಯೊಳಗೆ ಬಂದದ್ದು ಆಕಸ್ಮಿಕವಾಗಿ. ಜರ್ಮನಿಯಿಂದ ಹೊರಟ ಆಲ್ಬರ್ಟ್ ಎಕಿ ಫಿಜಿ ದ್ವೀಪಕ್ಕೆ ಹೋಗುವವನಿದ್ದ. ದಾರಿಯಲ್ಲಿ ಲಾಸ್ ಏಂಜಲೀಸ್ ಹಿಡಿಸಿತು, ಅಲ್ಲೇ ನೆಲೆ ನಿಂತ. ಹೊಲದಲ್ಲಿ ಬೆಳೆದ ಪಾಯಿನ್ಸೆಟ್ಟಿಯಾವನ್ನು ಕೊಯ್ದು ರಸ್ತೆ ಬದಿಯ ಅಂಗಡಿಯಲ್ಲಿಟ್ಟು ಮಾರತೊಡಗಿದ. ಅದು ಕಷ್ಟದ ವ್ಯಾಪಾರ. ಕೊಯ್ದ ತುದಿಯಿಂದ ಬಿಳಿ ಹಾಲು ಜಿನುಗುತ್ತಿತ್ತು, ದಂಟು ಬೇಗ ಬಾಡುತ್ತಿತ್ತು, ಹಬ್ಬದ ಮರುದಿನ ಕೇಳುವವರಿರಲಿಲ್ಲ. ಅಪ್ಪ ಕಾಲವಾದ ಮೇಲೆ ಮಗ ಪಾಲ್ ಪಟ್ಟು ಬಿಡದೆ ನಡೆಸಿದ. 1923ರಲ್ಲಿ ಎನ್ಸಿನಿಟಾಸ್‌ಗೆ ಜಮೀನು ಬದಲಿಸಿದ. ಮೊಮ್ಮಗ ಪಾಲ್ ಜೂನಿಯರ್ ಕಾಲಕ್ಕೆ ಹೊಲದ ಗಿಡ ಹಸಿರುಮನೆ ಸೇರಿತ್ತು. ಅವನು ಟಿ.ವಿ. ಸ್ಟುಡಿಯೊಗಳಿಗೆ ಪುಕ್ಕಟೆ ಕುಂಡಗಳನ್ನು ಕಳುಹಿಸಿದ. ಹಬ್ಬದ ಕಾರ್ಯಕ್ರಮಗಳಲ್ಲಿ ಅದನ್ನು ಕಂಡ ಅಮೆರಿಕಕ್ಕೆ ಆ ಗಿಡವಿಲ್ಲದ ಕ್ರಿಸ್‌ಮಸ್ ಬೋಳೆನ್ನಿಸತೊಡಗಿತು.

ಗಿಡ ಸರಿಯಾಗಿ ಡಿಸೆಂಬರಿಗೇ ಏಕೆ ಕೆಂಪಾಗುತ್ತದೆಂಬುದು ಅಷ್ಟರಲ್ಲಿ ತಿಳಿದಿತ್ತು. ಹೂವೆಂದು ಜನ ಮೆಚ್ಚುವುದು ಹೂವಲ್ಲ, ಬಣ್ಣ ತಿರುಗಿದ ಎಲೆ. ನಿಜವಾದ ಹೂಗಳು ನಡುವೆ ಹಳದಿ ಗುಂಡಿಗಳಂತೆ ಇರುತ್ತವೆ. ರಾತ್ರಿ ಉದ್ದವಾದಾಗ ಮಾತ್ರ ಗಿಡ ಹೂ ಕಟ್ಟುತ್ತದೆ, ಎಲೆ ಕೆಂಪಾಗುತ್ತದೆ. ರಾತ್ರಿಯೆಲ್ಲ ಬೀದಿದೀಪದ ಬೆಳಕು ಬಿದ್ದರೆ ಹಸಿರಾಗಿಯೇ ಉಳಿದುಬಿಡುತ್ತದೆ. ಆದರೆ ಕವಲಿನ ಗುಟ್ಟಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಎಕಿಯವರ ಹಸಿರುಮನೆಯಲ್ಲಿ ನಡೆಯುತ್ತಿದ್ದುದು ಕಸಿ. ಬೀಜದಿಂದ ಎದ್ದ ಹೊಸ ಗಿಡದ ಕಡ್ಡಿಯನ್ನು, ಚೆನ್ನಾಗಿ ಕವಲೊಡೆಯುವ ಹಳೆಯ ಗಿಡದೊಂದಿಗೆ ಬೆಸೆದು ಕಟ್ಟುತ್ತಿದ್ದರು. ಬೆಸುಗೆ ಕೂಡಿದ ಮೇಲೆ ಹೊಸದೂ ಪೊದೆಗಟ್ಟುತ್ತಿತ್ತು. ಏಕೆ ಹಾಗಾಗುತ್ತದೆಂದು ಅವರಿಗೂ ಹೊಳೆದಿರಲಿಲ್ಲ, ಫಲ ಸಿಗುತ್ತಿತ್ತು, ಸಾಕಿತ್ತು. ದಶಕಗಟ್ಟಲೆ ಆ ಕೈಕೆಲಸ ಬೇಲಿ ದಾಟಲಿಲ್ಲ.

ಬೇಲಿಯ ಹೊರಗೆ ನಿಂತು ಗಿಡವನ್ನೇ ಕೇಳಿದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನ್ ಡೋಲ್ ಮತ್ತು ಹೆರಾಲ್ಡ್ ವಿಲ್ಕಿನ್ಸ್. ಅವರೂ ಕಸಿ ಕಟ್ಟಿದರು. ಕವಲೊಡೆಯದ ಗಿಡ ಕವಲೊಡೆಯಿತು. ಕುತೂಹಲ ಕೆರಳಿದ್ದು ಆಮೇಲೆ: ಕಸಿಯಿಂದ ಬೇರ್ಪಡಿಸಿದ ಕಡ್ಡಿಯನ್ನು ತನ್ನಷ್ಟಕ್ಕೆ ಬೇರುಬಿಡಿಸಿದರೂ ಅದು ಕವಲೊಡೆಯುವುದನ್ನು ಬಿಡಲಿಲ್ಲ. ಜೊತೆಗಿದ್ದ ಗಿಡ ಹೋಗಿತ್ತು, ಕೊಟ್ಟದ್ದು ಉಳಿದಿತ್ತು. ಅಂದರೆ ಇದು ತಳಿಗುಣವಲ್ಲ. ಏನೋ ಒಂದು ಬೆಸುಗೆಯಲ್ಲಿ ಹರಿದು ಬಂದು ಒಳಗೆ ಮನೆ ಮಾಡಿತ್ತು. 1992ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎಕಿ ಮನೆತನದ ಗುಟ್ಟು ಪತ್ರಿಕೆಯ ಪುಟದ ಮೇಲಿತ್ತು. ಹರಿದು ಬಂದದ್ದು ಏನೆಂಬುದು ಮಾತ್ರ ಇನ್ನೂ ಕತ್ತಲಲ್ಲಿತ್ತು.

ಅನುಮಾನ ವೈರಸ್ಸಿನ ಮೇಲೆ ಬಿತ್ತು. ಈ ಗಿಡಗಳಲ್ಲಿ ಒಂದು ವೈರಸ್ ಇರುವುದು ಗೊತ್ತಿದ್ದರಿಂದ ಹಾಗೆ ಎಣಿಸುವುದು ಸಹಜವೇ ಆಗಿತ್ತು. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದ ಇಂಗ್-ಮಿಂಗ್ ಲೀ ಬೇರೆ ದಾರಿ ಹಿಡಿದ. ಫೈಟೋಪ್ಲಾಸ್ಮಾ ಎಂಬ ಜೀವಿಗಳು ಅವನ ಅಧ್ಯಯನದ ವಸ್ತು. ಕೋಶಗೋಡೆಯಿಲ್ಲದ ಬ್ಯಾಕ್ಟೀರಿಯಾ ಅವು. ಗಿಡದ ಆಹಾರ ಹರಿಯುವ ನಾಳಗಳಲ್ಲಿ ಅಡಗಿರುತ್ತವೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅವನ್ನು ಬೆಳೆಸಲು ಆಗ ಯಾರಿಂದಲೂ ಆಗಿರಲಿಲ್ಲ. ಬೆಳೆಸಲಾಗದ ಜೀವಿಯ ಮೇಲೆ ಆರೋಪ ಸಾಬೀತು ಮಾಡುವುದು ಹೇಗೆ?

ಲೀ ತಂಡ ಮೊರೆಹೋದದ್ದು ಎಲೆಯೂ ಇಲ್ಲದ, ನೆಲಕ್ಕೆ ಬೇರೂ ಇಲ್ಲದ ಪರಾವಲಂಬಿ ಅಮರಬಳ್ಳಿಗೆ. ಕಸಿಕತ್ತಿ ಮುಟ್ಟದ ಕೆಲಸವನ್ನು ಬಳ್ಳಿಯೇ ಮಾಡಿತು. ದಾರದಂಥ ಹಳದಿ ಎಳೆಗಳು ಪಾಯಿನ್ಸೆಟ್ಟಿಯಾದ ದಂಟಿಗೆ ಸುತ್ತಿ, ಹೀರುಬೇರು ಚುಚ್ಚಿ, ಪಕ್ಕದ ನಿತ್ಯಪುಷ್ಪದ ಗಿಡಕ್ಕೂ ಹಬ್ಬಿದವು. ಆ ಸೇತುವೆಯ ಮೇಲೆ ಫೈಟೋಪ್ಲಾಸ್ಮಾ ದಾಟಿತು, ನಿತ್ಯಪುಷ್ಪಕ್ಕೆ ರೋಗ ಬಂತು. ಮತ್ತೆ ಅದೇ ಉಪಾಯದಿಂದ ಅದನ್ನು ಕವಲಿಲ್ಲದ ಪಾಯಿನ್ಸೆಟ್ಟಿಯಾಕ್ಕೆ ಮರಳಿಸಿದರು. ಕೋಲಿನಂತಿದ್ದ ಗಿಡ ಪಕ್ಕದ ಮೊಗ್ಗುಗಳನ್ನೆಲ್ಲ ಒಡೆದು ಪೊದೆಯಾಯಿತು. 1997ರಲ್ಲಿ ಫಲಿತಾಂಶ ಪ್ರಕಟವಾಯಿತು.

ಕ್ರಿಸ್‌ಮಸ್ ಮೇಜಿನ ಅಂದಕ್ಕೆ ಕಾರಣ ಒಂದು ಕಾಯಿಲೆಯಾಗಿತ್ತು. ಆರೋಗ್ಯವಂತ ಗಿಡದ ತುದಿಮೊಗ್ಗು ಕೆಳಗಿನ ಮೊಗ್ಗುಗಳನ್ನು ಅದುಮಿಡುತ್ತದೆ. ಸೋಂಕು ಆ ಹತೋಟಿಯನ್ನು ಸಡಿಲಿಸುವುದರಿಂದ ಮಲಗಿದ್ದ ಮೊಗ್ಗುಗಳೆಲ್ಲ ಚಿಗುರುತ್ತವೆ. ಇದೇ ಗುಂಪಿನ ಜೀವಿಗಳು ಕರ್ನಾಟಕದ ಬದನೆ ಗಿಡದ ಎಲೆಯನ್ನು ಕಿರಿದಾಗಿಸಿ ಕಾಯಿ ಕಟ್ಟದಂತೆ ಮಾಡಿದವು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗವಾಗಿ ಶ್ರೀಗಂಧದ ಮರಗಳನ್ನು ಕೊಂದವು. ಪಾಯಿನ್ಸೆಟ್ಟಿಯಾ ಮಾತ್ರ ಸೋಂಕನ್ನು ಒಡಲಲ್ಲಿಟ್ಟುಕೊಂಡೇ ಬಾಳಿತು. ಅಂಗಾಂಶ ಕೃಷಿಯಲ್ಲಿ ಶುದ್ಧಗೊಳಿಸಿದ ಗಿಡಗಳು ಮತ್ತೆ ಒಂಟಿ ಕೋಲಾಗಿ ನಿಂತಾಗ, ನರ್ಸರಿಗಳವರು ಅವಕ್ಕೆ ಸೋಂಕಿನ ಗಿಡವನ್ನು ಬೇಕೆಂದೇ ಕಸಿ ಕಟ್ಟಿದರು.