ತೊಗರಿ ರೇಟಿನೊಳಗಿನ ಹಡಗಿನ ಲೆಕ್ಕ

ಗೊಬ್ಬೂರಿನ ಸುತ್ತ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ಅಷ್ಟರಲ್ಲಿ ಮೊಜಾಂಬಿಕ್, ತಾಂಜಾನಿಯಾದ ತೊಗರಿ ಹಡಗೇರಿರುತ್ತದೆ; ಮ್ಯಾನ್ಮಾರಿನದು ನಮ್ಮ ರಾಶಿಯ ಬೆನ್ನಿಗೇ ಬರುತ್ತದೆ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆಮದಿಗೆ ಬಾಗಿಲು ತೆರೆದ ಮೇಲಂತೂ ಕಲಬುರಗಿ ಎಪಿಎಂಸಿಯ ಸವಾಲಿಗೆ ಬಂದರಿನ ಸುದ್ದಿಯೂ ಸೇರಿಕೊಂಡಿದೆ. ಆ ಸುದ್ದಿ ಮೊಬೈಲಿಗೆ ಬರುವುದು ಹೀಗೆ: ‘ಲೆಮನ್ ತೂರ್, ಸಿಎನ್‌ಎಫ್ ಚೆನ್ನೈ, ಇಷ್ಟು ಡಾಲರ್.’

ಲೆಮನ್ ಎಂಬುದು ಮ್ಯಾನ್ಮಾರಿನ ತೊಗರಿಯ ವ್ಯಾಪಾರಿ ಹೆಸರು. ಡಾಲರ್ ಲೆಕ್ಕ ಟನ್ನಿಗೆ. ಮುಖ್ಯವಾದದ್ದು ನಡುವಿನ ಮೂರು ಅಕ್ಷರ. ಎಫ್‌ಒಬಿ ಎಂದಿದ್ದರೆ ಮಾರುವವನು ಅಲ್ಲಿನ ಬಂದರಿನಲ್ಲಿ ಮಾಲು ಹಡಗಿಗೆ ಏರಿಸಿಕೊಡುತ್ತಾನೆ, ಹಡಗಿನ ಬಾಡಿಗೆ ಕೊಳ್ಳುವವನದು. ಸಿಎನ್‌ಎಫ್ ಎಂದರೆ ಚೆನ್ನೈವರೆಗಿನ ಬಾಡಿಗೆಯೂ ದರದಲ್ಲೇ ಸೇರಿದೆ. ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಗಳಲ್ಲಿ ಇದರ ಹೆಸರು ಸಿಎಫ್‌ಆರ್. ಸಿಐಎಫ್ ಎಂದರೆ ವಿಮೆಯೂ ಸೇರಿತು. ಚೆನ್ನೈವರೆಗೆ ಬಾಡಿಗೆ ಕೊಟ್ಟವನದೇ ಅಲ್ಲಿಯವರೆಗಿನ ಹೊಣೆ ಎಂದು ಅನಿಸುವುದು ಸಹಜ, ಆದರೆ ಹಾಗಿಲ್ಲ. ಈ ಮೂರರಲ್ಲೂ ಮಾಲು ಹಡಗೇರಿದ ಕ್ಷಣದಿಂದ ಹಾನಿಯ ಹೊಣೆ ಕೊಂಡವನದೇ. ದಾರಿಯಲ್ಲಿ ನೀರು ಹೊಕ್ಕರೆ ಅವನು ವಿಮೆಯವರ ಬಾಗಿಲು ತಟ್ಟಬೇಕು.

ಲೆಕ್ಕಕ್ಕಾಗಿ ಟನ್ನಿಗೆ 800 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಟನ್ನಿಗೆ 68,000, ಅಂದರೆ ಕ್ವಿಂಟಲಿಗೆ 6,800 ರೂಪಾಯಿ. ಇದು ಬಂದರು ಮುಟ್ಟಿದ ದರ ಮಾತ್ರ. ಬಂದರಿನ ಶುಲ್ಕ, ಕ್ಲಿಯರಿಂಗ್ ಏಜೆಂಟರ ಖರ್ಚು, ಹಮಾಲಿ, ಲಾರಿ ಬಾಡಿಗೆ, ಆಮದುದಾರನ ಲಾಭ ಇದರ ಮೇಲೆ ಕೂಡುತ್ತವೆ. ಅವನ್ನು ಬಿಟ್ಟು ನಮ್ಮ ಕ್ವಿಂಟಲ್ ದರದ ಪಕ್ಕಕ್ಕಿಟ್ಟು ಗಾಬರಿಯಾಗಿ ಮಾರುವುದು ನಷ್ಟದ ಬಾಬತ್ತು.

ಇನ್ನು ಬಿಲ್ ಆಫ್ ಲೇಡಿಂಗ್. ವ್ಯಾಪಾರಿಗಳ ಬಾಯಲ್ಲಿ ಬರೀ ಬಿ.ಎಲ್. ಮಾಲು ಹಡಗಿಗೆ ಬಂತು ಎಂಬುದಕ್ಕೆ ಅದು ರಸೀದಿ, ಸಾಗಣೆಯ ಒಪ್ಪಂದಕ್ಕೆ ಪುರಾವೆ. ಎಲ್ಲಕ್ಕಿಂತ ಹೆಚ್ಚಾಗಿ ಮಾಲಿನ ಹಕ್ಕುಪತ್ರ. ಉಗ್ರಾಣದ ರಸೀದಿ ಇಟ್ಟು ಸಾಲ ಎತ್ತಿದವರಿಗೆ ಇದು ಹೊಸದಲ್ಲ: ಚೀಲ ಅಲ್ಲೇ ಇರುತ್ತದೆ, ಕಾಗದ ಕೈ ಬದಲಾಗುತ್ತದೆ. ‘ಟು ಆರ್ಡರ್’ ಎಂದು ಬರೆದ ಬಿ.ಎಲ್. ಆದರೆ ಹಿಂಬದಿ ಸಹಿ ಹಾಕಿ ಇನ್ನೊಬ್ಬನಿಗೆ ವರ್ಗಾಯಿಸಬಹುದು. ಹಡಗು ಇನ್ನೂ ಸಮುದ್ರದಲ್ಲಿದ್ದಾಗಲೇ ತೊಗರಿ ಮಾರಾಟವಾಗುವುದು ಹೀಗೆ. ಅದಕ್ಕೆ ಹೈ ಸೀ ಸೇಲ್ ಎನ್ನುತ್ತಾರೆ. ಈ ಕಾಗದವನ್ನು ನಮ್ಮಲ್ಲಿ ಆಳಿದ್ದು 1856ರ ಕಾಯ್ದೆ. 2025ರಲ್ಲಷ್ಟೇ ಸಂಸತ್ತು ಅದರ ಜಾಗಕ್ಕೆ ಹೊಸದನ್ನು ತಂದಿತು. ಬ್ರಿಟಿಷರ ಕಾಲದ ಮೂರು ಸೆಕ್ಷನ್ನಿನ ಪುಟ್ಟ ಕಾಯ್ದೆ ಅಷ್ಟು ವರ್ಷ ಬಾಳಿದ್ದೇ ಸೋಜಿಗ.

ಡೆಮರೇಜ್, ಡಿಟೆನ್ಷನ್ ಎರಡೂ ತಡಕ್ಕೆ ತೆರುವ ದಂಡ. ಉಚಿತ ದಿನಗಳು ಮುಗಿದ ಮೇಲೂ ತುಂಬಿದ ಕಂಟೇನರ್ ಬಂದರಿನಲ್ಲೇ ಬಿದ್ದಿದ್ದರೆ ಡೆಮರೇಜ್. ಹೊರಗೆ ಒಯ್ದ ಕಂಟೇನರನ್ನು ಖಾಲಿ ಮಾಡಿ ಹೊತ್ತಿಗೆ ಮರಳಿಸದಿದ್ದರೆ ಡಿಟೆನ್ಷನ್. ದಂಡ ಏರುತ್ತಿದ್ದಾಗ ಆಮದುದಾರ ಒಂದಿಷ್ಟು ದರ ಇಳಿಸಿಯಾದರೂ ಮಾಲು ಕೈಬಿಡುವುದುಂಟು. ಆ ವಾರದ ಇಳಿತಕ್ಕೂ ಬೆಳೆಗೂ ಸಂಬಂಧವಿರುವುದಿಲ್ಲ.

ಜನರಲ್ ಆವರೇಜ್ ಎಂಬ ಹಳೆಯ ಪದ್ಧತಿಯೂ ಒಂದಿದೆ. ಹಡಗನ್ನು ಉಳಿಸಲು ಒಬ್ಬರ ಸರಕನ್ನು ಬೇಕೆಂದೇ ನೀರಿಗೆ ಎಸೆದರೆ, ಉಳಿದ ಸರಕಿನವರೂ ಹಡಗಿನ ಮಾಲೀಕನೂ ಸೇರಿ ನಷ್ಟ ಹಂಚಿಕೊಳ್ಳಬೇಕು. ಪಾರುಮಾಡಲು ಮಾಡಿದ ಅಸಾಧಾರಣ ಖರ್ಚಿಗೂ ಇದೇ ನಿಯಮ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನ ಮಾಲೀಕರು ಇದನ್ನೇ ಘೋಷಿಸಿದರು. ತಮ್ಮದೇನೂ ತಪ್ಪಿಲ್ಲದ ಸರಕಿನವರೂ ಪಾಲು ಕೊಡುವ ಭರವಸೆ ಬರೆದುಕೊಟ್ಟೇ ಮಾಲು ಬಿಡಿಸಿಕೊಳ್ಳಬೇಕಾಯಿತು.

ಸಂದೇಶದಲ್ಲಿ ‘ನವೆಂಬರ್ ಶಿಪ್‌ಮೆಂಟ್’ ಎಂದಿದ್ದರೆ ತೊಗರಿ ನವೆಂಬರಿನಲ್ಲಿ ಇಲ್ಲಿಗೆ ಬರುತ್ತದೆ ಎಂದಲ್ಲ. ಅಲ್ಲಿ ಹಡಗೇರುವ ತಿಂಗಳು ಅದು. ಬಿ.ಎಲ್. ಮೇಲಿನ ತಾರೀಖೇ ಅದಕ್ಕೆ ಆಧಾರ. ಆಫ್ರಿಕಾದ ಮಾಲಾದರೆ ಕಡಲ ದಾರಿಗೆ ವಾರಗಳೇ ಹಿಡಿಯುತ್ತವೆ, ಅಷ್ಟರಲ್ಲಿ ನಮ್ಮ ರಾಶಿಯ ಹೊತ್ತಾಗಿರುತ್ತದೆ.