ಒಬ್ಬರ ದನಿ ಇಳಿಯಿತು, ಇನ್ನೊಬ್ಬರದು ಏಕೆ ಏರಲಿಲ್ಲ?

ನಮ್ಮ ಕಚೇರಿಯ ಟ್ರಾನ್ಸ್ ಪುರುಷ ಸಹೋದ್ಯೋಗಿಯ ದನಿ ಹಾರ್ಮೋನ್ ಚಿಕಿತ್ಸೆಯಿಂದ ಗಡುಸಾಯಿತು. ಹಾರ್ಮೋನ್ ಚಿಕಿತ್ಸೆಯಲ್ಲೇ ಇರುವ ಟ್ರಾನ್ಸ್ ಮಹಿಳೆಯೊಬ್ಬರ ದನಿ ಮಾತ್ರ ಹಾಗೇ ಇದೆ. ಏಕೆ?

ಟೆಸ್ಟೊಸ್ಟೆರಾನ್ ಗಂಟಲಿನ ಧ್ವನಿತಂತುಗಳನ್ನು ದಪ್ಪಗಾಗಿಸುತ್ತದೆ. ತಂಬೂರಿಯ ದಪ್ಪ ತಂತಿ ನಿಧಾನವಾಗಿ ಕಂಪಿಸಿ ಮಂದ್ರದಲ್ಲಿ ನುಡಿಯುವಂತೆ ದನಿಯೂ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಮೊದಲ ವರ್ಷದಲ್ಲೇ, ಗಡ್ಡ ತುಂಬಿಕೊಳ್ಳುವ ಮುಂಚೆಯೇ, ಇದು ಸುತ್ತಲಿನವರ ಕಿವಿಗೆ ಬೀಳುತ್ತದೆ. ಮೀಟಿಂಗ್ ನಡುವೆ ದನಿ ಒಡೆಯುವುದೂ ಉಂಟು. ಆಗ 'ಶೀತವಾ?' ಎಂದು ಕೇಳದಿದ್ದರೇ ಚೆನ್ನ.

ಆದರೆ ಹರೆಯದಲ್ಲಿ ಒಮ್ಮೆ ದಪ್ಪವಾದ ತಂತು ಮತ್ತೆ ತೆಳುವಾಗದು. ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವ ಈಸ್ಟ್ರೋಜನ್‌ಗೆ ಅದನ್ನು ತೆಳುವಾಗಿಸುವ ಶಕ್ತಿಯಿಲ್ಲ. ಹಾಗಾಗಿ ಚರ್ಮ, ಮೈಕಟ್ಟು ಬದಲಾದರೂ ಅವರು ದನಿಯನ್ನು ವಾಕ್‌ಚಿಕಿತ್ಸಕರ ಬಳಿ ತಿಂಗಳುಗಟ್ಟಲೆ ಪಳಗಿಸಬೇಕಾಗುತ್ತದೆ. ಕೆಲವರು ಶಸ್ತ್ರಚಿಕಿತ್ಸೆಗೂ ಹೋಗುತ್ತಾರೆ. ಫೋನಿನಲ್ಲಿ ದನಿ ಕೇಳಿ 'ಸಾರ್' ಎನ್ನುವ ಗ್ರಾಹಕರನ್ನು ತಿದ್ದುವ ಕೆಲಸ, ಆ ಮಹಿಳೆ ಒಪ್ಪಿದರೆ, ಪಕ್ಕದ ಮೇಜಿನವರದೂ ಆಗಬಹುದು.