ಕರಿಪರದೆಯ ಮುಂದೆ ಧೃತಿಗೆಡಬೇಕಾಗಿಲ್ಲ

ಜತ್ತ ತಾಲೂಕಿನ ಉಮದಿ, ಸಂಖಗಳಂಥ ಊರುಗಳಲ್ಲಿ ಗಣಕಯಂತ್ರವೊಂದು ಕೆಟ್ಟು ನಿಂತರೆ ಅದನ್ನು ಹೊತ್ತು ಜತ್ತಕ್ಕೋ ಮಿರಜಕ್ಕೋ ವಿಜಯಪುರಕ್ಕೋ ಹೋಗಬೇಕು. ಒಂದು ದಿನದ ದುಡಿಮೆ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಅಂಗಡಿಯವರು ‘ಬೋರ್ಡು ಹೋಗಿದೆ’ ಎಂದುಬಿಟ್ಟರೆ ಯಂತ್ರ ಅಟ್ಟ ಸೇರುತ್ತದೆ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕದ ಪಿಡಿಎಫ್ ಪ್ರತಿ ತೆರೆಯಲು, ಕನ್ನಡ ಬೆರಳಚ್ಚು ಕಲಿಯಲು ಮಕ್ಕಳಿಗಿದ್ದ ಸಾಧನ ಅಲ್ಲಿಗೆ ಮುಗಿಯಿತು. ಆದರೆ ಹಾಗೆ ಮೂಲೆಗೆ ಬಿದ್ದ ಯಂತ್ರಗಳೆಲ್ಲವೂ ನಿಜವಾಗಿ ಸತ್ತವಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳಿಗೆ ಒಗ್ಗುವುದಿಲ್ಲ. ಅಂಥವುಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ಒಳ್ಳೆಯ ಆಸರೆ. ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್‌ನಲ್ಲಿ ಕನ್ನಡಕ್ಕೂ ಸ್ಥಾನವಿದೆ. ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಆ ರಾಜ್ಯದ ಉಳಿದ ಮಕ್ಕಳಂತೆಯೇ ಲಿನಕ್ಸ್ ಮೇಲೆಯೇ ಗಣಕಪಾಠ ಕಲಿಯುತ್ತಾರೆ. ಅವರ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಆದ್ದರಿಂದ ಗಡಿನಾಡಿನ ಕನ್ನಡ ಮಕ್ಕಳಿಗೆ ಇದು ನಿಲುಕದ ವಿದ್ಯೆಯೇನಲ್ಲ. ತೊಡಕು ಬರುವುದು ಲಿನಕ್ಸ್ ಹಾಕಿದ ಮೇಲೆ ಯಂತ್ರ ಅರ್ಧದಲ್ಲೇ ನಿಂತು ಪರದೆ ಕಪ್ಪಾದಾಗ.

ಗುಂಡಿ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಲಿನಕ್ಸ್ ಅಲ್ಲ. ತಾಯಿಹಲಗೆಯ ಮೇಲಿನ ಚಿಕ್ಕ ಚಿಪ್ಪಿನಲ್ಲಿ ತಯಾರಕರು ತುಂಬಿಟ್ಟ ಫರ್ಮ್‌ವೇರ್ ಮೊದಲು ಏಳುತ್ತದೆ. ಬಯಾಸ್, ಯುಇಎಫ್‌ಐ ಎಂಬುವು ಇದರದೇ ರೂಪಗಳು. ಅದು ಸ್ಮೃತಿ, ಕೀಲಿಮಣೆ, ಡಿಸ್ಕುಗಳನ್ನು ಪರೀಕ್ಷಿಸಿ ಗ್ರಬ್ ಎಂಬ ಪುಟ್ಟ ತಂತ್ರಾಂಶಕ್ಕೆ ಕೆಲಸ ಒಪ್ಪಿಸುತ್ತದೆ. ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ ಅನ್ನು ಕರೆತರುತ್ತದೆ. ಯಾವ ಸಾಧನ ಎಲ್ಲಿದೆ ಎಂಬುದನ್ನು ಕರ್ನೆಲ್ ಬಹುಮಟ್ಟಿಗೆ ಫರ್ಮ್‌ವೇರ್ ಕೊಡುವ ಎಸಿಪಿಐ ಕೋಷ್ಟಕಗಳಿಂದ ತಿಳಿಯುತ್ತದೆ. ತಲಾಠಿಯ ಉತಾರದಲ್ಲಿ ಗಟ್ ನಂಬರು ತಪ್ಪಿದ್ದರೆ ರೈತ ಎಷ್ಟು ಪ್ರಾಮಾಣಿಕನಾದರೂ ಬೇರೆಯವರ ಹೊಲದಲ್ಲಿ ನಿಲ್ಲುತ್ತಾನೆ. ಕೋಷ್ಟಕ ತಪ್ಪಿದಾಗ ಕರ್ನೆಲ್‌ನ ಪಾಡೂ ಅದೇ.

ಇಂಥ ತಪ್ಪಿಗೆ ದೊಡ್ಡ ನಿದರ್ಶನ 2019ರ ಜುಲೈನಲ್ಲಿ ಕಂಡಿತು. ಎಎಂಡಿ ಕಂಪನಿಯ ರೈಜನ್ 3000 ಪ್ರೊಸೆಸರುಗಳು ಆಗಷ್ಟೇ ಮಾರುಕಟ್ಟೆಗೆ ಬಂದಿದ್ದವು. ಅವುಗಳ ಮೇಲೆ ಹೊಸ ಲಿನಕ್ಸ್ ಆವೃತ್ತಿಗಳು ಆರಂಭವಾಗಲೇ ಇಲ್ಲ. ಕೇಳಿದಾಗಲೆಲ್ಲ ಬೇರೆಬೇರೆ ಯಾದೃಚ್ಛಿಕ ಸಂಖ್ಯೆ ಕೊಡಬೇಕಾದ ಪ್ರೊಸೆಸರು ಪ್ರತಿಸಲವೂ ಒಂದೇ ಸಂಖ್ಯೆ ಕೊಟ್ಟು ‘ಸರಿಯಾಗಿದೆ’ ಎನ್ನುತ್ತಿತ್ತು. ಚೌಕಾಬಾರದಲ್ಲಿ ಕವಡೆ ಎಷ್ಟು ಸಲ ಎಸೆದರೂ ಒಂದೇ ಗರ ಬಿದ್ದರೆ ಆಟ ಸಾಗೀತೆ? ಜನ ಮೊದಲು ಲಿನಕ್ಸನ್ನೇ ದೂರಿದರು. ಆದರೆ ಅದೇ ದೋಷದಿಂದ ವಿಂಡೋಸ್‌ನಲ್ಲಿ ಡೆಸ್ಟಿನಿ 2 ಎಂಬ ಆಟವೂ ನಡೆಯಲಿಲ್ಲ. ಕೊನೆಗೆ ಪರಿಹಾರ ಬಂದದ್ದು ಬಯಾಸ್ ನವೀಕರಣದಿಂದ.

ಇಂಥ ಸಂದರ್ಭದಲ್ಲಿ ಮನೆಯವರೂ ಶಿಕ್ಷಕರೂ ಅನುಸರಿಸಬಹುದಾದ ಒಂದು ಕ್ರಮವಿದೆ.

ಮೊದಲು ಪೆನ್‌ಡ್ರೈವ್, ಪ್ರಿಂಟರ್‌ಗಳನ್ನು ತೆಗೆದು ಯಂತ್ರವನ್ನು ಮತ್ತೆ ಆರಂಭಿಸಬೇಕು. ಎಸ್ಕೇಪ್ ಅಥವಾ ಶಿಫ್ಟ್ ಕೀಲಿ ಒತ್ತಿದರೂ ಗ್ರಬ್‌ನ ಪಟ್ಟಿ ಕಾಣದಿದ್ದರೆ ತೊಡಕು ಲಿನಕ್ಸ್‌ಗಿಂತ ಮೊದಲೇ ಇರುವ ಸಂಭವ ಹೆಚ್ಚು. ಆಗ ಬಯಾಸ್ ತೆರೆದು ದಿನಾಂಕ ನೋಡಬೇಕು. ಅದು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ತಾಯಿಹಲಗೆಯ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಸೋತಿರಬಹುದು. ಬ್ಯಾಟರಿ ಸೋತಾಗ ಡಿಸ್ಕಿಗೆ ಸಂಬಂಧಿಸಿದ ಆಯ್ಕೆಗಳೂ ಬದಲಾಗಿ ಲಿನಕ್ಸ್‌ಗೆ ತನ್ನ ಡಿಸ್ಕೇ ಸಿಗದೆ ಹೋಗುವುದುಂಟು. ಅಲ್ಪ ಬೆಲೆಯ ಆ ಬ್ಯಾಟರಿ ಬದಲಿಸಿ ಆಯ್ಕೆಗಳನ್ನು ಸರಿಪಡಿಸಿದರೆ ಎಷ್ಟೋ ಯಂತ್ರಗಳು ಮತ್ತೆ ಏಳುತ್ತವೆ.

ಪಟ್ಟಿ ಕಂಡರೆ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿರುವ ಹಳೆಯ ಕರ್ನೆಲ್‌ ಆರಿಸಿ ನೋಡಬೇಕು. ಅದರಿಂದಲೂ ಆಗದಿದ್ದರೆ ಪಟ್ಟಿಯಲ್ಲಿ ಇಂಗ್ಲಿಷಿನ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಯ ‘ಕ್ವಾಯಟ್’, ‘ಸ್ಪ್ಲಾಶ್’ ಪದಗಳನ್ನು ಅಳಿಸಿ ಎಫ್10 ಒತ್ತಬೇಕು. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಹೆದರಬೇಕಾಗಿಲ್ಲ. ಆಗ ಕರ್ನೆಲ್ ತನ್ನ ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ಬರೆಯುತ್ತದೆ. ನಿಂತಲ್ಲಿನ ಸಾಲುಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು. ‘ಫರ್ಮ್‌ವೇರ್ ಬಗ್’ ಎಂಬ ಮಾತು ಅಲ್ಲಿದ್ದರೆ ಅದೊಂದು ಸುಳಿವು. ಆದರೆ ಚೆನ್ನಾಗಿ ನಡೆಯುವ ಯಂತ್ರಗಳಲ್ಲೂ ಆ ಮಾತು ಕಾಣುವುದರಿಂದ ಅದೊಂದನ್ನೇ ನಂಬಬಾರದು.

ಮುಂದೆ ಅದೇ ಸಾಲಿನಲ್ಲಿ ಒಂದೊಂದೇ ಪದ ಸೇರಿಸಿ ಪರೀಕ್ಷಿಸಬಹುದು. ‘ನೋಮೋಡ್‌ಸೆಟ್’ ಎಂದು ಸೇರಿಸಿದಾಗ ಯಂತ್ರ ಎದ್ದರೆ ತೊಡಕು ಚಿತ್ರವಿಭಾಗದ್ದು. ‘ಎಸಿಪಿಐ=ಆಫ್’ ಎಂದಾಗ ಎದ್ದರೆ ಸಂಶಯ ಫರ್ಮ್‌ವೇರ್ ಕೋಷ್ಟಕಗಳ ಮೇಲೆ ಬೀಳುತ್ತದೆ. ಈ ಎರಡನೆಯದನ್ನು ಹಾಗೆಯೇ ಉಳಿಸಿಕೊಳ್ಳುವುದು ಸಲ್ಲದು. ಬ್ಯಾಟರಿ, ತಂಪುಗೊಳಿಸುವ ಫ್ಯಾನುಗಳ ನಿಯಂತ್ರಣ ಕೆಡಬಹುದು. ಎರಡು ಪದಗಳನ್ನು ಒಟ್ಟಿಗೆ ಹಾಕಿದರೆ ಗುಣ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಫರ್ಮ್‌ವೇರ್ ತಪ್ಪೆಂದು ಖಚಿತವಾದರೆ ತಯಾರಕರ ತಾಣದಿಂದ ಅದೇ ಮಾದರಿಯ ಬಯಾಸ್ ನವೀಕರಣ ಪಡೆಯಬೇಕು. ಇಲ್ಲಿ ಅತ್ಯಂತ ಎಚ್ಚರ ಅಗತ್ಯ. ನವೀಕರಣದ ನಡುವೆ ವಿದ್ಯುತ್ ಹೋದರೆ ತಾಯಿಹಲಗೆಯೇ ನಿಷ್ಪ್ರಯೋಜಕವಾಗಬಹುದು. ಕರೆಂಟು ಹೇಳದೆ ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪಿಗೆ ಈ ಕೆಲಸ ಮಾಡಲೇಬಾರದು. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಜೋಡಿಸಿರಬೇಕು.

ಇಷ್ಟರಿಂದಲೂ ಯಂತ್ರ ಏಳದಿದ್ದರೆ ಅಂಗಡಿಗೆ ಒಯ್ಯುವುದು ಅನಿವಾರ್ಯ. ಆದರೆ ಆಗ ಕೈಯಲ್ಲಿ ಪರದೆಯ ಫೋಟೋ ಇರುತ್ತದೆ, ಏನೇನು ಮಾಡಿ ನೋಡಿದೆವೆಂಬ ಟಿಪ್ಪಣಿ ಇರುತ್ತದೆ. ಆ ಟಿಪ್ಪಣಿಯನ್ನು ಏಳನೆಯ ಇಯತ್ತೆಯ ಮಗುವೇ ಕನ್ನಡದಲ್ಲಿ ಬರೆದಿಡಬಹುದು. ‘ಬೋರ್ಡು ಹೋಗಿದೆ’ ಎಂದಾಗ ಯಾವ ಪರೀಕ್ಷೆಯಿಂದ ತಿಳಿಯಿತೆಂದು ಪಾಲಕರು ಧೈರ್ಯವಾಗಿ ಕೇಳಬಹುದು.